ಓಂಬ್ರೆಗೆ ಮೂವರು ಬೇಕು

ನಾನು ಹುಟ್ಟಾ ಹೆದರುಪುಕ್ಕಲಿ. ಕುಕ್ಕರ್ ಸೀಟಿ ಹಾಕಲು ತಡಮಾಡಿದರೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಇಂಥವಳು ಇಸ್ಪೀಟು ಕಲಿತದ್ದು, ಅದರಲ್ಲೂ ಊರಲ್ಲಿ ಬೇರೆ ಯಾರೂ ಆಡಿ ನಾನು ಕಾಣದ ಓಂಬ್ರೆ ಎಂಬ ಆಟ ಕಲಿತದ್ದು, ಕುಲಶೇಖರದ ನಮ್ಮ ಪಕ್ಕದ ಮನೆಯ ಲಿಗೋರಿ ಅಂಕಲ್ ದೆಸೆಯಿಂದ. ಹಡಗಿನಲ್ಲಿ ದುಡಿಯುತ್ತಿದ್ದಾಗ ಡೆನ್ಮಾರ್ಕಿನ ಅಡುಗೆಯವನೊಬ್ಬ ಅವರಿಗೆ ಕಲಿಸಿದ್ದಂತೆ. ಆಟಕ್ಕೆ ಮೂವರು ಬೇಕು. ಅವರು, ಹೆಂಡತಿ ಜೂಲಿ ಆಂಟಿ. ಮೂರನೆಯವಳು, ಕಾಂಪೌಂಡಿನಾಚೆ ಬಟ್ಟೆ ಒಣಹಾಕುತ್ತಿದ್ದ ನಾನು.

ಓಂಬ್ರೆ ಅಂದರೆ ಸ್ಪ್ಯಾನಿಷಿನಲ್ಲಿ ಗಂಡಸು. ಒಂದು ಕಾಲದಲ್ಲಿ ಯುರೋಪಿನ ರಾಜರಾಣಿಯರೂ ಮುಗಿಬಿದ್ದು ಆಡಿದ ಆಟ. ಈಗ ಹೆಸರು ಕೇಳಿದವರೇ ಕಡಿಮೆ. ಮೂವರಲ್ಲಿ ಒಬ್ಬರು ಧೈರ್ಯ ಮಾಡಿ, ತುರುಫು ಯಾವುದೆಂದು ತಾವೇ ಹೇಳಿ, ಉಳಿದಿಬ್ಬರ ವಿರುದ್ಧ ಒಂಟಿಯಾಗಿ ಆಡಬೇಕು. ಹಾಗೆ ಮುಂದೆ ಬಂದವರೇ ಆ ಸಲದ ಓಂಬ್ರೆ. ಸೀರೆ ಉಟ್ಟಿದ್ದರೂ ಗಂಡಸೇ. ಅಂಕಲ್ ಎಲೆಗಳನ್ನು ಸರಿಯಾಗಿ ನೋಡುವ ಮೊದಲೇ ಓಂಬ್ರೆ ಆಗಿಬಿಡುತ್ತಿದ್ದರು. ಆಂಟಿಯೂ ನಾನೂ ಸದಾ 'ಪಾಸ್', ಅಂದರೆ ಈ ಸಲ ನಾನಿಲ್ಲ.

ಈ ಮಳೆಗಾಲದಲ್ಲಿ ಅಂಕಲ್‌ಗೆ ಎದೆನೋವು ಬಂತು. ಬೈಪಾಸ್ ಆಗಲೇಬೇಕು ಎಂದರು ಫಳ್ನೀರಿನ ಆಸ್ಪತ್ರೆಯ ಡಾಕ್ಟರು. ಸಮುದ್ರದ ಬಿರುಗಾಳಿ ಕಂಡಿದ್ದ ಮನುಷ್ಯ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. "ಬೇಡ. ಮನೆಗೆ ಹೋಗುವ." ದುಬೈಯಿಂದ ಮಗಳು ಫೋನಿನಲ್ಲಿ ಅತ್ತರೂ ಅದೇ ಮಾತು.

ಮರುದಿನ ಆಂಟಿ ನನಗೆ ಫೋನ್ ಮಾಡಿದರು. "ವಸಂತೀ, ಬರುವಾಗ ಕಾರ್ಡ್ಸ್ ತಾ ಮಾರಾಯ್ತಿ. ಹೇಳಿದ್ರೆ ಕೇಳುದಿಲ್ಲ. ಆಡ್ಲಿಕ್ಕಾದ್ರೂ ಈಚೆ ತಿರುಗ್ತಾರಾ ನೋಡುವ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಚಿಂತೆ. ಗೆದ್ದರೆ ಅವರ ಎದೆಗೆ ಕೆಟ್ಟದ್ದೋ, ಸೋತರೋ? ನರ್ಸ್ ಬೈದು ಹೊರಗೆ ಕಳಿಸಿದರೆ?

ಊಟದ ಟ್ರೇ ಇಡುವ ಮೇಜಿನ ಮೇಲೆ ಎಲೆ ಹಂಚಿದೆ. ಅಂಕಲ್ ಎದ್ದು ಕುಳಿತು ನೋಡಿದರು. "ಪಾಸ್." ಅವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದೇ ಇಲ್ಲ. ಗಾಬರಿಯಲ್ಲಿ ನಾನೂ ಪಾಸ್ ಎಂದೆ. ಆಂಟಿಯೂ ಪಾಸ್. ಮತ್ತೆ ಹಂಚಿದೆವು. ಅಂಕಲ್ ಮತ್ತೆ ಪಾಸ್ ಎಂದು ಮಲಗಲು ಹೊರಟರು.

"ನಾನು ಓಂಬ್ರೆ," ಎಂದರು ಆಂಟಿ.

ಅಂಕಲ್ ಕನ್ನಡಕ ಏರಿಸಿದರು. "ಎಂತ ಉಂಟು ನಿನ್ನ ಕೈಯಲ್ಲಿ?"

"ಎಂತದೂ ಇಲ್ಲ. ನೀವು ಆಡುದಿಲ್ಲ ಅಂದ್ರೆ ಯಾರಾದ್ರೂ ಆಡ್ಬೇಕಲ್ಲ? ನಂಗೂ ಹೆದರಿಕೆ ಆಗ್ತದೆ. ಹೆದರಿಕೊಂಡೇ ಆಡ್ತೇನೆ."

ಆಂಟಿ ಹೀನಾಯವಾಗಿ ಸೋತರು. ಅವರ ಕೈಯಿಂದ ಎಲೆಯೊಂದು ಜಾರಿ ಮಂಚದಡಿಗೆ ಬಿತ್ತು. ನಾನು ಬಗ್ಗಿ ಹುಡುಕಿ ಎದ್ದಾಗ ಅಂಕಲ್ ಆ ಕೈಯನ್ನು ಹಿಡಿದುಕೊಂಡಿದ್ದರು. "ವಸಂತೀ, ಡಾಕ್ಟರನ್ನು ಕರಿ," ಎಂದರು.

ಆಪರೇಷನ್ ನಡೆಯುವಾಗ ಹೊರಗಿನ ಬೆಂಚಿನಲ್ಲಿ ಕೂತು ನಾನು ಊಹಿಸದ ಅಪಾಯವಿಲ್ಲ: ಕರೆಂಟು ಹೋಗುವುದು, ಲಿಫ್ಟು ನಿಲ್ಲುವುದು, ಡಾಕ್ಟರಿಗೆ ಸೀನು ಬರುವುದು. ಆಂಟಿ ಜಪಸರ ಹಿಡಿದು ತುಟಿ ಅಲ್ಲಾಡಿಸುತ್ತಿದ್ದರು. ಎಲ್ಲ ಸರಿಯಾಗಿದೆ ಎಂದು ಡಾಕ್ಟರು ಬಂದು ಹೇಳಿದರೂ ನಮಗಿಬ್ಬರಿಗೂ ಪೂರ್ತಿ ನಂಬಿಕೆ ಬರಲಿಲ್ಲ.

ಮರುದಿನ ಆಂಟಿಯನ್ನು ಒಳಗೆ ಬಿಟ್ಟರು. ಹೊರಬಂದಾಗ ಅವರ ಮುಖ ಕೆಂಪಾಗಿತ್ತು. ನಾನು ಓಡಿಹೋಗಿ ಕೇಳಿದೆ.

"ಎಂತ ಆಂಟೀ? ಮಾತಾಡಿದ್ರಾ?"

"ಮಾತಾಡ್ಲಿಕ್ಕೆಂತ! 'ಅಂಥ ಎಲೆ ಹಿಡ್ಕೊಂಡು ಯಾರಾದ್ರೂ ಓಂಬ್ರೆ ಆಗ್ತಾರಾ' ಅಂತ ಕೇಳ್ತಾರೆ. ಉಪಕಾರ ಇಲ್ಲದ ಮನುಷ್ಯ!"

ಗೊಣಗುತ್ತಲೇ ಅವರು ಗಂಜಿ ತರಲು ಕ್ಯಾಂಟೀನಿನತ್ತ ನಡೆದರು. ಚಿಂತೆ ಹೊರಡುವಾಗ ಹೇಳಿ ಹೊರಡುವುದಿಲ್ಲ. ಮನೆಯವರ ಮೇಲೆ ಮೊದಲಿನ ಹಾಗೆ ಸಿಟ್ಟು ಬಂದಾಗ, ಓ, ಅದು ಹೋಯಿತು ಎಂದು ನಾವೇ ತಿಳಿದುಕೊಳ್ಳಬೇಕು.