ಹಿಂದಿ ಮೇಷ್ಟ್ರ ಹೊಂಗೆ ಪತಂಗ

ಮದ್ದೂರಿನ ನಮ್ಮ ಬಡಾವಣೆ ಮುಗಿಯುವುದು ನಮ್ಮ ಮನೆಯ ಕಾಂಪೌಂಡಿಗೇ. ಅದರಾಚೆ ಬೋರಯ್ಯನ ಗದ್ದೆ, ಗದ್ದೆಯ ಬದುವಿನಲ್ಲಿ ಒಂದು ಹೊಂಗೆಮರ. ಒಂದು ಬೆಳಿಗ್ಗೆ ಆ ಮರದ ತಗ್ಗು ಕೊಂಬೆಗಳ ನಡುವೆ ತಲೆ ತೂರಿಸಿ, ಮೊಬೈಲನ್ನು ನಮ್ಮ ಮನೆಯ ಕಡೆಗೇ ಹಿಡಿದು ಒಬ್ಬ ಗಂಡಸು ನಿಂತಿದ್ದ. ಪತ್ರಿಕೆಗಳಲ್ಲಿ ಆಗೊಮ್ಮೆ ಈಗೊಮ್ಮೆ ಹಾಸ್ಯ ಬರೆಯುವವನಿಗೆ ಇಂಥ ಹೊತ್ತಿನಲ್ಲಿ ಏನನ್ನಿಸಬೇಕೋ ಅದೇ ನನಗೂ ಅನ್ನಿಸಿತು: ಯಾರೋ ಅಭಿಮಾನಿ! ಬನಿಯನ್ನಿನ ಮೇಲೆ ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿ, ಗಿಡಕ್ಕೆ ನೀರು ಹಾಕುವವನ ಹಾಗೆ ಹಿತ್ತಿಲ ಗೋಡೆಯ ಬಳಿ ಹೋಗಿ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ ನಿಂತೆ. ಎಡಗಡೆಯಿಂದ ನಾನು ಚೆನ್ನಾಗಿ ಬರುತ್ತೇನೆ.

“ಸಾ, ಒಸಿ ಆ ಕಡೀಕ್ ಸರ್ಕಳಿ. ನಿಮ್ ನೆಳ್ಳು ಬೀಳ್ತಾ ಅದೆ,” ಎಂದಿತು ಮರ.

ಸರಿದುಕೊಂಡೆ. ಆಮೇಲೆ ಗೋಡೆ ಹತ್ತಿ ನೋಡಿದೆ. ಎಲೆಯೊಂದರ ಅಡಿಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಬೂದಿ ಬಣ್ಣದ ಪತಂಗ ಕೂತಿತ್ತು. ರೆಕ್ಕೆಯ ಅಂಚಿನಲ್ಲಿ ಹಿತ್ತಾಳೆಯ ಎಳೆಯಂಥ ಗೆರೆ. ಅಷ್ಟೇ. ನನ್ನನ್ನು ಪಕ್ಕಕ್ಕೆ ಸರಿಸಿದ ಪ್ರಾಣಿ ಇನ್ನೂ ಸ್ವಲ್ಪ ದೊಡ್ಡದಿರಬಹುದಿತ್ತು ಎನ್ನಿಸಿತು.

ಹೀಗೆ ಪರಿಚಯವಾದವರು ಮಹದೇವು ಮೇಷ್ಟ್ರು. ಹೈಸ್ಕೂಲಿನಲ್ಲಿ ಹಿಂದಿ ಪಾಠ. ಮಳವಳ್ಳಿ ರಸ್ತೆಯ ಒಂದು ಹಳ್ಳಿಯಲ್ಲಿ ತಾಯಿ ಪಟ್ಟಲಮ್ಮನ ಜೊತೆ ವಾಸ. ಸ್ಕೂಲಿಗೆ ಬರುವ ದಾರಿಯಲ್ಲಿ ಮರ ಕಂಡರೆ ಬೈಕು ನಿಲ್ಲಿಸುತ್ತಿದ್ದರು. ಕಂಬಳಿಹುಳ ಸಿಕ್ಕರೆ ತಿಂಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದೇ ಮರದ ಎಲೆ ಹಾಕಿ ಸಾಕುತ್ತಿದ್ದರು. ರೆಕ್ಕೆ ಬಂದ ಮೇಲೆ ಫೋಟೋ ತೆಗೆದು, ಎಲ್ಲಿಂದ ತಂದಿದ್ದರೋ ಆ ಮರಕ್ಕೇ ಒಯ್ದು ಬಿಡುತ್ತಿದ್ದರು. ಒಂದನ್ನೂ ಕೊಂದವರಲ್ಲ. ಅವರದು ಬೌದ್ಧರ ಮನೆ. ಪಟ್ಟಲಮ್ಮ ಗಂಡನ ಜೊತೆ ಹರೆಯದಲ್ಲೇ ದೀಕ್ಷೆ ತೆಗೆದುಕೊಂಡವರು. ದಿನಾ ಬೆಳಿಗ್ಗೆ ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ ಪಂಚಶೀಲ ಹೇಳುತ್ತಾರೆ. ಜೀವ ತೆಗೆಯುವುದಿಲ್ಲ ಎಂಬುದು ಅದರ ಮೊದಲ ಮಾತು.

ಹೊಂಗೆಮರದ ಆ ಪತಂಗದ ಫೋಟೋವನ್ನು ಮೇಷ್ಟ್ರು ಬೆಂಗಳೂರಿನ ವಿಜ್ಞಾನಿ ಗಗನ ಎಂಬುವವರಿಗೆ ಕಳಿಸಿದರು. ಆಕೆ ಮಾರನೆಯ ದಿನವೇ ಫೋನು ಮಾಡಿದರು. ಬಹಳ ಅಪರೂಪದ್ದಿರಬಹುದು, ಈ ಬಯಲುಸೀಮೆಯಲ್ಲಿ ಯಾರೂ ಕಂಡ ದಾಖಲೆಯಿಲ್ಲ, ಅದರ ಹುಳ ಯಾವ ಮರ ತಿನ್ನುತ್ತದೆ ಎಂಬುದೂ ಗೊತ್ತಿಲ್ಲ ಎಂದರು. “ಆದರೆ ಫೋಟೋ ಸಾಲಲ್ಲ ಸರ್. ನೋಡೋಕೆ ಹೀಗೇ ಇರೋ ಬೇರೆ ಜಾತಿಗಳಿವೆ. ಹೊಟ್ಟೆಯ ತುದಿ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ರೇ ಹೇಳೋಕಾಗೋದು. ಹೊಂಗೆ ಎಲೆ ತಿಂದು ಬೆಳೆದದ್ದೇ ಒಂದು ಬೇಕು. ಇಡಿಯಾಗಿ ಬೇಕು.”

ಮೇಷ್ಟ್ರು ಹುಳಕ್ಕಾಗಿ ಅದೇ ಮರದಲ್ಲಿ ಹುಡುಕತೊಡಗಿದರು. ಅಷ್ಟರಲ್ಲಿ ನಾಲೆಗೆ ನೀರು ಬಂತು. ನಾಟಿಗೆ ಮುಂಚೆ ಹೊಂಗೆ ಸೊಪ್ಪು ಕಡಿದು ಗೊಬ್ಬರಕ್ಕೆಂದು ಕೆಸರುಗದ್ದೆಗೆ ತುಳಿಯುವುದು ಬೋರಯ್ಯನ ಅಪ್ಪನ ಕಾಲದಿಂದ ನಡೆದು ಬಂದದ್ದು. ಅವನು ಕುಡುಗೋಲು ಹಿಡಿದು ಮರ ಹತ್ತಿದ್ದಾಗ ಮೇಷ್ಟ್ರು ಕೆಳಗೆ ಬೈಕು ನಿಲ್ಲಿಸಿದರು.

“ಬೋರಯ್ಯನೋರೇ, ಒಂದ್ ವಾರ ತಡೀರಿ.”

“ನಾಲೆ ನೀರು ನಿಮ್ ಉಳ ಕೇಳ್ಕಂಡು ಬತ್ತದಾ ಮೇಷ್ಟ್ರೇ?” ಎಂದ ಬೋರಯ್ಯ. ಆಮೇಲೆ ಮನಸ್ಸು ಕರಗಿ, “ಬೇಕಾದ್ದು ಆಯ್ಕಳಿ, ಮಿಕ್ಕಿದ್ದ ತುಳೀತೀನಿ,” ಎಂದ.

ಮೇಷ್ಟ್ರು ಪ್ಯಾಂಟು ಮಡಚಿ ಸೊಪ್ಪಿನ ಹೊರೆಯ ಪಕ್ಕ ಕೂತು, ಬಾಗಿಲು ಹಾಕಿಕೊಂಡಂತೆ ಮಡಚಿದ್ದ ಎಲೆಗಳನ್ನೆಲ್ಲ ಆರಿಸಿದರು. ಅವುಗಳ ಒಳಗೆ ಹುಳಗಳಿದ್ದವು, ಎಲೆ ತಿನ್ನುತ್ತಿದ್ದವು. ಡಬ್ಬಿಯಲ್ಲಿ ಅವು ಗೂಡು ಕಟ್ಟಿದವು. ಆದರೆ ಬಹುಪಾಲು ಗೂಡುಗಳಿಂದ ಬಂದದ್ದು ಪತಂಗವಲ್ಲ, ಅವುಗಳನ್ನು ಒಳಗಿಂದಲೇ ತಿಂದು ಬೆಳೆದ ಪುಟ್ಟ ಕಣಜ. ಕೊನೆಗೆ ಉಳಿದವು ಎರಡೇ ಗೂಡು. ಬೋರಯ್ಯನ ಮರ ಅಷ್ಟು ಹೊತ್ತಿಗೆ ಬೋಳಾಗಿತ್ತು. ಬೇರೆ ಹೊಂಗೆಗಳಲ್ಲಿ ಹುಡುಕುತ್ತ ಮೇಷ್ಟ್ರು ಕಾವೇರಿ ದಡದ ಮುತ್ತತ್ತಿಯವರೆಗೂ ಹೋಗಿ ಬರಿಗೈಯಲ್ಲಿ ಬಂದರು.

ಮೊದಲ ಗೂಡಿನಿಂದ ಪತಂಗ ಬಂತು. ಬೂದಿ ಬಣ್ಣ, ಹಿತ್ತಾಳೆ ಗೆರೆ. ಕೊಲ್ಲುವ ಮಾತೇ ಬೇಡ, ಇದರ ಆಯಸ್ಸು ಕೆಲವೇ ದಿನ, ತಾನಾಗಿ ಸತ್ತ ಮೇಲೆ ಕಳಿಸಿದರಾಯಿತು ಎಂದು ಮೇಷ್ಟ್ರು ಕಾದರು. ಗಗನ ಅವರಿಗೂ ಹಾಗೆಂದೇ ಹೇಳಿದರು. ಅದು ಮೆತ್ತಗಾದ ದಿನ ಮೇಷ್ಟ್ರು ಸ್ಕೂಲಿನಲ್ಲಿದ್ದರು. ಇಷ್ಟು ದಿನ ಉಪವಾಸವಿದೆಯಲ್ಲ ಎಂದು ಪಟ್ಟಲಮ್ಮ ಬೆಲ್ಲದ ನೀರಿನಲ್ಲಿ ಅದ್ದಿದ ಹತ್ತಿಯನ್ನು ಡಬ್ಬಿಯೊಳಗೆ ಇಟ್ಟರು. ಬೆಲ್ಲಕ್ಕೆ ಇರುವೆ ಬಂತು. ಸಂಜೆ ಮೇಷ್ಟ್ರು ಬಂದಾಗ ಡಬ್ಬಿಯಲ್ಲಿದ್ದದ್ದು ಎರಡು ರೆಕ್ಕೆ. ಹೊಟ್ಟೆಯನ್ನು ಇರುವೆಗಳು ಹೊತ್ತುಕೊಂಡು ಹೋಗಿದ್ದವು.

ಮೇಷ್ಟ್ರು ಉಳಿದೊಂದು ಗೂಡನ್ನು ಬೇರೆ ಡಬ್ಬಿಗೆ ಹಾಕಿ, ನೀರು ತುಂಬಿದ ತಟ್ಟೆಯ ನಡುವೆ ಇಟ್ಟರು.

ಎರಡನೆಯದು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. “ಬನ್ನಿ ಸಾ, ಒಬ್ರಾದ್ರೂ ಜೊತೇಲಿರಿ,” ಎಂದು ಫೋನು ಬಂತು. ಹೋದೆ. ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲಿತ್ತು. ಪಕ್ಕದಲ್ಲಿ ಫ್ರಿಜ್ಜು. ಬಾರಿ ಬಾರಿಗೂ ಅದೃಷ್ಟ ನೋಡುವುದು ಬೇಡ, ತಂಪಿನಲ್ಲಿಟ್ಟರೆ ನಿದ್ದೆ ಬಂದಂತೆ ಹೋಗುತ್ತದೆ ಎಂದು ಗಗನ ಈ ಸಲ ಹೇಳಿದ್ದರು.

“ಪಟ ತಗ್ದಿದೀಯಲ್ಲ, ಸಾಲ್ದಾ?” ಎಂದರು ಪಟ್ಟಲಮ್ಮ.

“ಸಾಲಲ್ಲ ಕಣವ್ವ. ಇದ್ರಂಗೇ ಇರವು ಬ್ಯಾರೆ ಅವೆ.”

“ನೋಡ್ದಂಗೇ ಬುಟ್ಬುಟ್ರೆ?”

“ಬುಟ್ರೆ ಏನಿಲ್ಲ. ಈ ಮರದಲ್ಲಿ ಇದು ಬದ್ಕಿತ್ತು ಅಂತ ಯಾರ್ಗೂ ಗೊತ್ತಾಗಲ್ಲ. ನಾಳೀಕ್ ಗದ್ದೆ ಸೈಟಾದ್ರೆ ಮರಾನೂ ಇರಲ್ಲ, ಇದೂ ಇರಲ್ಲ. ಇತ್ತು ಅಂದ್ರೆ ಯಾವ್ದಯ್ಯಾ ಅದು ಅಂತಾರೆ.”

ಇಂಥಲ್ಲಿ ಸುಮ್ಮನಿರುವುದು ನಮ್ಮಂಥವರಿಂದ ಆಗುವುದಿಲ್ಲ. “ಅಮ್ಮ, ನಮ್ಮ ಸೀಮೇಲಿ ದಿನಾ ರೇಷ್ಮೆಗೂಡು ಬೇಯಿಸ್ತಾರೆ. ನೀವೂ ಕೋಳಿಸಾರು ಮಾಡ್ತೀರಲ್ಲ,” ಎಂದೆ.

“ಉಣ್ಣಕ್ಕೆ ಕೊಲ್ಲದು ಬ್ಯಾರೆ, ಉಳದ ಎಸ್ರು ತಿಳ್ಕಳಕ್ಕೆ ಕೊಲ್ಲದು ಬ್ಯಾರೆ ಕಣಪ್ಪ. ಉಂಡಿದ್ದು ಒಟ್ಟೆಗಾದ್ರೂ ಆಯ್ತದೆ.”

ನಾನು ಕಾಫಿ ಲೋಟದೊಳಗೆ ಮುಖ ಇಟ್ಟುಕೊಂಡೆ.

ಪಟ್ಟಲಮ್ಮ ಡಬ್ಬಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಪತಂಗ ಮುಚ್ಚಳಕ್ಕೆ ಅಂಟಿಕೊಂಡು ಮೀಸೆ ಅಲ್ಲಾಡಿಸುತ್ತಿತ್ತು. ಬಹಳ ಹೊತ್ತು ನೋಡಿದರು. “ಇದ್ದೂ ಇಲ್ದಂಗೆ ಇರದು ಅಂದ್ರೇನು ಅಂತ ನಮಗ್ ಯಾರೂ ಏಳ್ಕೊಡಬೇಕಾಗಿಲ್ಲ. ಊರಾಚೆ ಇದ್ದೋರು ನಾವು,” ಎಂದು ಡಬ್ಬಿಯನ್ನು ಮಗನ ಕೈಗೆ ಕೊಟ್ಟರು. “ನಿನ್ ಮನ್ಸು ಏನೇಳ್ತದೋ ಅದ್ನ ಮಾಡು.”

ಮೇಷ್ಟ್ರು ಡಬ್ಬಿ ಹಿಡಿದು ಅಲ್ಲೇ ನಿಂತರು. ಮರಕ್ಕೆ ಬಿಡಲು ಹೋಗುತ್ತಾರೆಂದೇ ನಾನು ತಿಳಿದೆ. ಅವರು ಫ್ರಿಜ್ಜಿನ ಮೇಲಿನ ಬಾಗಿಲು ತೆಗೆದು, ಮಂಜುಗಡ್ಡೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಡಬ್ಬಿ ಇಟ್ಟರು. ಬಾಗಿಲು ಮುಚ್ಚಿದ ಮೇಲೂ ಅದರ ಹಿಡಿಯಿಂದ ಕೈ ತೆಗೆಯಲಿಲ್ಲ.

ನಡುಮನೆಯಲ್ಲಿ ಪಟ್ಟಲಮ್ಮ ಮೇಣದಬತ್ತಿ ಹಚ್ಚಿದರು. ಪಂಚಶೀಲ ಶುರುವಾಯಿತು. ಕಿವಿಗೊಟ್ಟು ಕೇಳಿದೆ, ಎರಡನೆಯದರಿಂದ ಶುರುವಾಗಿತ್ತು.

“ಮೊದಲ್ನೇದು ಬಿಟ್ಟಿರಲ್ಲಮ್ಮ,” ಎಂದೆ ಆಮೇಲೆ.

“ಇವತ್ತು ಅದ್ನ ಏಳುದ್ರೆ ಸುಳ್ಳಾಯ್ತದೆ.”

ಗಗನ ಅವರ ಲೆಕ್ಕ ಸರಿಯಾಗಿತ್ತು. ಅದು ಅದೇ ಅಪರೂಪದ ಜಾತಿ. ವಿಜ್ಞಾನದ ಒಂದು ಪತ್ರಿಕೆಯಲ್ಲಿ ಚಿಕ್ಕ ಬರಹ ಬಂತು: ಊರು ಮದ್ದೂರು, ಹುಳದ ಆಹಾರ ಹೊಂಗೆ ಎಲೆ, ಸಾಕಿದವರು ಮಹದೇವು. ಸುದ್ದಿ ಹರಡಿ ಸ್ಕೂಲಿನಲ್ಲಿ ಸನ್ಮಾನ ಇಟ್ಟುಕೊಂಡರು. ಮುಖ್ಯ ಅತಿಥಿ ನಾನು. ವಿಶ್ವದ ಭೂಪಟದಲ್ಲಿ ಮದ್ದೂರು ಎಂಬ ವಿಷಯದ ಮೇಲೆ ಅರ್ಧ ಗಂಟೆ ಮಾತಾಡಿದೆ. ಹೊಂಗೆಮರವನ್ನು ಎರಡು ಸಲ ಬೇವಿನಮರ ಎಂದೆನಂತೆ. ಮೇಷ್ಟ್ರು ಶಾಲು ಹೊದ್ದು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತ ಕೂತಿದ್ದರು. ಮಾತಾಡಿ ಎಂದರೆ ಕೈ ಮುಗಿದು ಬೇಡವೆಂದರು.

ವೇದಿಕೆಯಿಂದ ಇಳಿಯುವಾಗ ಸ್ಥಳೀಯ ಚಾನೆಲ್ಲಿನ ಯತೀಶ್ ಎಂಬ ಹುಡುಗ ಮೈಕು ಹಿಡಿದು ಅವರಿಗೆ ಅಡ್ಡ ಬಂದ. “ಸರ್, ಇಡೀ ಪ್ರಪಂಚವೇ ಇವತ್ತು ಈ ಪತಂಗವನ್ನು ಗುರುತಿಸಿದೆ. ಈ ಕ್ಷಣ ಅದಕ್ಕೆ ಎಷ್ಟು ಖುಷಿಯಾಗಿರಬಹುದು?”

ಮೇಷ್ಟ್ರು ಮೈಕನ್ನು ನೋಡಿದರು, ಹುಡುಗನನ್ನು ನೋಡಿದರು.

“ಅದು ಸತ್ತೋಯ್ತು ಕಣಪ್ಪ. ನಾನೇ ಸಾಯ್ಸಿದ್ದು.”