ನವಣೆ ಕೊಳ್ಳಲು ಹೋದಾಗ

"ಇಷ್ಟೊಂದು ನವಣೆ ತಗಂಡು ಏನ್ ಮಾಡ್ತೀರಮ್ಮ?" ಮಧುಗಿರಿ ಸಂತೆಯಲ್ಲಿ ಕಾಳು ಮಾರುತ್ತಿದ್ದ ಹೆಂಗಸು ಅಳೆಯುತ್ತಲೇ ಕೇಳಿದಳು.

ನಾನು ಉತ್ಸಾಹದಿಂದ ವಿವರಿಸಿದೆ. ನವಣೆ, ಸಾಮೆ ಹುರಿದು, ಓಟ್ಸ್, ಕಡಲೆಕಾಯಿ ಬೀಜ ಸೇರಿಸಿ, ಬೆಲ್ಲದ ಪಾಕಕ್ಕೆ ಚಕ್ಕೆ, ಒಣಶುಂಠಿ ಪುಡಿ ಹಾಕಿ ಕಲಸಿ, ಓವನ್ನಿನಲ್ಲಿಟ್ಟರೆ ಗರಿಗರಿ ಗ್ರಾನೋಲ. ಮಕ್ಕಳಿಗೆ ಬೆಳಗಿನ ತಿಂಡಿಗೆ ಬಹಳ ಒಳ್ಳೆಯದು ಎಂದೂ ಹೇಳಿದೆ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಇಸ್ಕೂಲಲ್ಲಿ ನಾನು ನವಣೆ ಅನ್ನ ತಂದ್ರೆ, ಹಕ್ಕಿ ಕಾಳು ತಿನ್ನೋಳು ಅಂತ ಎಲ್ರನ್ನೂ ನಗಿಸ್ತಿದ್ದೋಳು ನೀನೇ ಅಲ್ವಾ? ಅದುಕ್ಕೇ ಕಣಮ್ಮ ನಾನು ಏಳನೇ ಕ್ಲಾಸಿಗೇ ಇಸ್ಕೂಲು ಬುಟ್ಬುಟ್ಟಿದ್ದು."

ಗುರುತು ಸಿಕ್ಕಿತು. ಡಬ್ಬಿಯ ಮುಚ್ಚಳ ಅಡ್ಡ ಹಿಡಿದು, ತಲೆ ತಗ್ಗಿಸಿ ಉಣ್ಣುತ್ತಿದ್ದ ಹುಡುಗಿ ಇವಳೇ. ಅಕ್ಕಪಕ್ಕದವರೆಲ್ಲ ನನ್ನನ್ನೇ ನೋಡುತ್ತಿದ್ದರು.

"ನಾನಲ್ಲ. ನಾನು ಓದಿದ್ದು ತುಮಕೂರಲ್ಲಿ" ಎಂದುಬಿಟ್ಟೆ.

ಅವಳು ವಾದಿಸಲಿಲ್ಲ. "ಅಂಗಾದ್ರೆ ನಂದೇ ತಪ್ಪು ಬುಡ್ರಮ್ಮ" ಎಂದು ಮತ್ತೆ ಬಹುವಚನಕ್ಕೆ ತಿರುಗಿ, ಚೀಲವನ್ನು ನನ್ನ ಕೈಗಿಟ್ಟು ಮುಂದಿನ ಗಿರಾಕಿಯನ್ನು ಕರೆದಳು.

ಅಂದು ಮಾಡಿದ ಗ್ರಾನೋಲವನ್ನು ಮಕ್ಕಳು ಚಪ್ಪರಿಸಿ ತಿಂದರು. ನಾನು ನನ್ನ ಬಟ್ಟಲನ್ನೂ ಅವರ ಕಡೆಗೇ ಸರಿಸಿದೆ. ಆಗ ಆಡಿಕೊಂಡು ನಕ್ಕಿದ್ದಕ್ಕೆ ಬುದ್ಧಿ ಬಲಿತಿರಲಿಲ್ಲ ಎನ್ನಬಹುದು; ಈ ವಯಸ್ಸಿನಲ್ಲಿ ಹೇಳಿದ ಸುಳ್ಳಿಗೆ ಏನೆನ್ನಲಿ? ಅವಳು ಈಗಲೂ ಪ್ರತಿ ವಾರ ಅದೇ ಜಾಗದಲ್ಲಿ ಕೂರುತ್ತಾಳೆ. ನಾನು ನವಣೆಯನ್ನು ಅಂಗಡಿಯಲ್ಲಿ ಕೊಳ್ಳುತ್ತಿದ್ದೇನೆ.