ಜಡ್ಜರಿಗೆ ನಮ್ಮ ಬೇಸ್‌ಮೆಂಟಿನಲ್ಲಿ ಸೆಂಡಾಫ್

ಮಾವ ಅಮೆರಿಕದ ಜಡ್ಜೊಬ್ಬರಿಗೆ ಶಾಲು ಹೊದಿಸಿ ಕೈಗೆ ತೆಂಗಿನಕಾಯಿ ಇಟ್ಟಾಗ, ನಾನು ಪಾಯಸದ ಪಾತ್ರೆ ಹಿಡಿದು ನಿಂತಲ್ಲೇ ನಿಂತೆ. ಮಿಸಿಸಾಗದ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ನಡೆದ ಸತ್ಯನಾರಾಯಣ ಪೂಜೆಗೆ ಪಕ್ಕದ ಮನೆಯವರು ಗಡಿಯಾಚೆ ಅಮೆರಿಕದ ಬಫಲೋದಿಂದ ಬಂದಿದ್ದ ತಮ್ಮ ಅಣ್ಣನನ್ನೂ ಕರೆತಂದಿದ್ದರು. ವಕೀಲರಾಗಿ, ಸರ್ಕಾರಿ ಪ್ರಾಸಿಕ್ಯೂಟರ್ ಆಗಿ, ಕೊನೆಗೆ ಅಲ್ಲಿಯ ಫೆಡರಲ್ ಕೋರ್ಟಿನ ಜಡ್ಜ್ ಆದವರು.

ಉಡುಪಿ ಕಡೆಯ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಮಾವ ನನ್ನ ಮೂಲಕ ಅವರ ವಿಚಾರಣೆ ನಡೆಸಿದರು. ವರ್ಗಾವಣೆ ಇಲ್ಲ. ಬಡ್ತಿ ಅಪರೂಪ. ನಿವೃತ್ತಿಯ ವಯಸ್ಸೂ ಇಲ್ಲ. ತಾವಾಗಿ ಬಿಡದಿದ್ದರೆ ಸಾಯುವವರೆಗೂ ಅದೇ ಕುರ್ಚಿ. ಮಾವನ ಮುಖ ಸಣ್ಣದಾಯಿತು.

"ಹಾಗಾದ್ರೆ ಇವರಿಗೆ ಸೆಂಡಾಫ್ ಮಾಡುದು ಯಾರು ಮಾರಾಯ್ತಿ? ಪಾಪ!" ಎಂದವರೇ ಪೂಜೆಯ ಭಟ್ಟರಿಗೆಂದು ಇಟ್ಟಿದ್ದ ಶಾಲನ್ನು ತಂದುಬಿಟ್ಟಿದ್ದರು.

ಇದೇನೆಂದು ಜಡ್ಜ್ ಕೇಳಿದರು. ನಮ್ಮಲ್ಲಿ ನಿವೃತ್ತರಾದವರನ್ನು ಹೀಗೆ ಬೀಳ್ಕೊಡುತ್ತೇವೆ ಎಂದೆ. ಅವರು ತೆಂಗಿನಕಾಯಿಯನ್ನು ತಿರುಗಿಸಿ ನೋಡಿದರು. ಆಮೇಲೆ, ಇನ್ನು ಮನೆಗೆ ಹೋಗಬಹುದು ಎಂದು ತಮಗೆ ಹೇಳಿದವರಲ್ಲಿ ಇವರೇ ಮೊದಲಿಗರು ಎಂದರು.

ಆ ಚಳಿಗಾಲದಲ್ಲಿ ಅವರು ಹುದ್ದೆ ಬಿಟ್ಟ ಸುದ್ದಿ ಬಂತು. ಈಗ ಮೊಮ್ಮಗಳನ್ನು ದಿನಾ ಸ್ಕೇಟಿಂಗಿಗೆ ಕರೆದೊಯ್ಯುತ್ತಾರಂತೆ, ಶಾಲು ಹೊದ್ದುಕೊಂಡೇ. ಎಲ್ಲರಿಗೂ ಖುಷಿಯಾಯಿತು, ಮಾವನಿಗೆ ಮಾತ್ರ, ಸಾಯುವವರೆಗಿನ ಕುರ್ಚಿಯನ್ನು ತನ್ನ ಶಾಲೇ ಬಿಡಿಸಿತಲ್ಲ ಎಂದು ಅವತ್ತು ಊಟ ಸೇರಲಿಲ್ಲ.

ಅಂದಿನಿಂದ ಯಾರಿಗೆ ಶಾಲು ಹೊದಿಸುವುದಿದ್ದರೂ ಮಾವ ಮೊದಲು ಒಂದು ಮಾತು ಕೇಳಿಕೊಳ್ಳುತ್ತಾರೆ: "ನಾಳೆ ಕೆಲಸಕ್ಕೆ ಹೋಗ್ತೀರಿ ಅಲ್ವಾ?"